3:1 ಅಲ್ಲ, 2:1: ಬಿಎಸ್‌ಸಿ ಬೇಸಿಗೆಯ ಎಂಟು ವಾರ

ಮೂರನೇ ಸೆಮಿಸ್ಟರಿನ ರೆಕಾರ್ಡ್ ಬುಕ್ಕಿಗೆ ಸಹಿ ಹಾಕಿಸಿಕೊಳ್ಳಲು ಸ್ಟಾಫ್ ರೂಮಿನಲ್ಲಿ ನಿಂತಿದ್ದೆ. ಪ್ರಾಣಿಶಾಸ್ತ್ರದ ಸರ್ ಸಹಿ ಹಾಕಿದರು. ಪುಸ್ತಕ ವಾಪಸ್ ಕೊಡುವ ಬದಲು ತಮ್ಮ ಮೊಬೈಲನ್ನು ನನ್ನ ಮುಂದಿಟ್ಟು, "ಇದನ್ನ ಓದವಾ. ತಿಂಗಳ ಕೊನೀಗೆ ಮುಗೀತದ," ಅಂದರು.

ಅದು 2018ರ ನವೆಂಬರ್. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್, ದೆಹಲಿಯ ಇಂಡಿಯನ್ ನ್ಯಾಷನಲ್ ಸೈನ್ಸ್ ಅಕಾಡೆಮಿ, ಅಲಹಾಬಾದಿನ (ಈಗಿನ ಪ್ರಯಾಗರಾಜ್) ನ್ಯಾಷನಲ್ ಅಕಾಡೆಮಿ ಆಫ್ ಸೈನ್ಸಸ್, ಈ ಮೂರೂ ಸೇರಿ ಪ್ರತಿ ವರ್ಷ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ನ ಪ್ರಕಟಣೆ ಅದು. ಎಂಟು ವಾರ ಯಾವುದಾದರೂ ಸಂಶೋಧನಾ ಸಂಸ್ಥೆಯಲ್ಲೋ ವಿಶ್ವವಿದ್ಯಾಲಯದಲ್ಲೋ ಒಬ್ಬ ವಿಜ್ಞಾನಿಯ ಕೈಕೆಳಗೆ ಕೆಲಸ ಮಾಡಬೇಕು. ಆಗ ತಿಂಗಳಿಗೆ 12,500 ರೂಪಾಯಿ ಅವರೇ ಕೊಡುತ್ತಿದ್ದರು. ಹೋಗಿಬರುವ ರೈಲಿನ ಖರ್ಚೂ ಅವರದೇ. ನಾನು ಎರಡು ಸಲ ಓದಿದೆ. ಇಂಥದ್ದೆಲ್ಲ ಐಐಟಿಯವರಿಗೆ, ಬೆಂಗಳೂರಿನ ದೊಡ್ಡ ಕಾಲೇಜಿನವರಿಗೆ ಎಂದುಕೊಂಡು ಮೊಬೈಲ್ ವಾಪಸ್ ಕೊಟ್ಟೆ. ಸರ್ ತೆಗೆದುಕೊಳ್ಳಲಿಲ್ಲ. "ಇದರೊಳಗ ಎಲ್ಲಿ ಹಂಗ ಬರದಾರ, ತೋರಸು," ಅಂದರು. ಹಾಗೆ ಎಲ್ಲೂ ಬರೆದಿರಲಿಲ್ಲ.

ನಮ್ಮೂರು ರಾಣೆಬೆನ್ನೂರಿನಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಆಮೇಲೆ ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿಎಸ್‌ಸಿ. ಓದಿದ್ದು ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ. ಪಠ್ಯ ಇಂಗ್ಲಿಷಿನಲ್ಲಿತ್ತು. ಪಾಠ ಮಾತ್ರ ಕನ್ನಡದಲ್ಲಿ ನಡೆಯುತ್ತಿದ್ದುದರಿಂದ ಅರ್ಥವಾಗುತ್ತಿತ್ತು.

ಅರ್ಜಿಯಲ್ಲಿ ಅಂಕ, ವಿಳಾಸ ಎಲ್ಲ ಒಂದು ಸಂಜೆಗೆ ಮುಗಿಯಿತು. ತಡೆದದ್ದು ನಿಮ್ಮ ಆಸಕ್ತಿಯ ಬಗ್ಗೆ ಸ್ವಲ್ಪದರಲ್ಲಿ ಬರೆಯಿರಿ ಎಂಬ ಒಂದು ಜಾಗ. ನಾನು ಬರೆದುಕೊಂಡು ಹೋದ ಮೊದಲ ಕರಡು ಹೀಗೆ ಶುರುವಾಗುತ್ತಿತ್ತು: ಬಾಲ್ಯದಿಂದಲೂ ನನಗೆ ವಿಜ್ಞಾನದಲ್ಲಿ ಅಪಾರ ಆಸಕ್ತಿ. ಸರ್ ಆ ಸಾಲಿನ ಮೇಲೆ ಗೆರೆ ಎಳೆದರು. ಮುಂದಿನ ಸಾಲಿನ ಮೇಲೂ ಎಳೆದರು. ಪುಟದಲ್ಲಿ ಏನೂ ಉಳಿಯಲಿಲ್ಲ. ಆಮೇಲೆ ಕೇಳಿದರು: "ರಜಾದಾಗ ಏನು ಮಾಡ್ತೀ?"

ಕ್ರಾಸಿಂಗ್‌ಗೆ ಹೋಗ್ತೀನಿ ಸರ್, ಅಂದೆ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಉಳಿದವರಿಗೆ ಹೇಳುತ್ತೇನೆ. ರಾಣೆಬೆನ್ನೂರಿನ ಸುತ್ತ ಹೈಬ್ರಿಡ್ ಬೀಜ ಬೆಳೆಯುವುದು ದೊಡ್ಡ ಕಸುಬು. ಹತ್ತಿಯಲ್ಲಿ ಸಂಜೆ ಹೊತ್ತು, ನಾಳೆ ಅರಳಬೇಕಾದ ಮೊಗ್ಗನ್ನು ಹಿಡಿದು ಉಗುರಿನಿಂದ ಸುಲಿದು ಗಂಡುಭಾಗವನ್ನೆಲ್ಲ ತೆಗೆಯುತ್ತೇವೆ. ಗುರುತಿಗೆ ಕೆಂಪು ಕಾಗದ ಹಾಕುತ್ತೇವೆ. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂ ತಂದು ಅದರ ಪರಾಗವನ್ನು ಇದಕ್ಕೆ ಸವರುತ್ತೇವೆ. ಒಂದು ಪರಾಗಕೋಶ ಉಳಿದರೂ ಆ ಕಾಯಿಯ ಬೀಜ ಕಲಬೆರಕೆಯಾಗುತ್ತದೆ. 1972ರಲ್ಲಿ ಧಾರವಾಡದಲ್ಲಿ ಕೃಷಿ ವಿಜ್ಞಾನಿ ಬಿ.ಎಚ್. ಕಟರಕಿಯವರು ವರಲಕ್ಷ್ಮಿ ಎಂಬ ಹೈಬ್ರಿಡ್ ತಳಿಯನ್ನು ತಂದ ಮೇಲೆ ಹೈಬ್ರಿಡ್ ಹತ್ತಿ ನಮ್ಮ ಸೀಮೆಯ ಬದುಕಿನೊಳಗೆ ಬಂತು. ನಮ್ಮವ್ವ ಮದುವೆಯಾಗಿ ಬಂದ ವರ್ಷದಿಂದ ಈ ಕೆಲಸ ಮಾಡುತ್ತಿದ್ದಾಳೆ. ನಾನು ಆರನೇ ತರಗತಿಯಿಂದ ಅವಳ ಜೊತೆ ಸಾಲು ಹಿಡಿದವಳು.

"ಅದನ್ನ ಬರಿ," ಅಂದರು ಸರ್. "ನಿನ್ನ ಕೈಯಾಗ ನಡೆಯೋದು ತಳಿಶಾಸ್ತ್ರ ಅಲ್ಲೇನು? ಅದರಾಗ ನಿನಗ ತಿಳೀಲಾರದ್ದು ಏನದ, ಅದನ್ನೂ ಬರಿ."

ನಾನು ಮೊದಲು ಕನ್ನಡದಲ್ಲಿ ಬರೆದೆ. ಒಂದೇ ಹೊಲ, ಒಂದೇ ಕೈ, ಒಂದೇ ದಿನದ ಕ್ರಾಸಿಂಗ್, ಆದರೂ ಕೆಲವು ಗಿಡಗಳಲ್ಲಿ ಕಾಯಿ ಹಿಡಿಯುತ್ತದೆ, ಕೆಲವದರಲ್ಲಿ ಉದುರುತ್ತದೆ, ಯಾಕೆ ಎಂದು ಕೇಳಿ ಮುಗಿಸಿದೆ. ಆಮೇಲೆ ಸರ್ ಮತ್ತು ನಾನು ಕೂತು ಅದನ್ನು ಇಂಗ್ಲಿಷಿಗೆ ತಂದೆವು. ಶಿಫಾರಸು ಪತ್ರವನ್ನೂ ಅವರೇ ಬರೆದರು. ಅದರಲ್ಲಿ ಏನಿತ್ತೆಂದು ನಾನು ಇವತ್ತಿಗೂ ಕೇಳಿಲ್ಲ. ಅವತ್ತು ಅವರು ಮೊಬೈಲ್ ತೋರಿಸದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ನಮ್ಮ ಊರುಗಳ ಕಾಲೇಜಿನ ಮೇಷ್ಟ್ರುಗಳು ಇದನ್ನು ಓದುತ್ತಿದ್ದರೆ ಒಂದು ಮಾತು ಕೇಳಿಕೊಳ್ಳುತ್ತೇನೆ. ಅಕ್ಟೋಬರ್-ನವೆಂಬರ್‌ನಲ್ಲಿ ತರಗತಿಗೆ ಹೋಗಿ ಇದೊಂದನ್ನು ಹೇಳಿಬಿಡಿ. ಬೇಸಿಗೆಯ ಕೆಲಸಕ್ಕೆ ಬೇಸಿಗೆಯಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ, ಮಳೆಗಾಲ ಮುಗಿಯುವಾಗಲೇ ಹುಡುಕಬೇಕು ಅನ್ನುವುದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಆಯ್ಕೆಯಾದವರ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆ, ಹಣ್ಣಿನ ನೊಣಗಳ ಮೇಲೆ ಕೆಲಸ ಮಾಡುವ ಒಂದು ಲ್ಯಾಬ್.

ಮನೆಯಲ್ಲಿ ಅಪ್ಪ ಕೇಳಿದ ಮೊದಲ ಪ್ರಶ್ನೆ: "ರೊಕ್ಕ ನಾವು ಕೊಡಬೇಕೇನು, ಅವರು ಕೊಡ್ತಾರೇನು?"

ಅಪ್ಪ ಹಾಗೆ ಕೇಳಲು ಕಾರಣವಿತ್ತು. ಎಂಜಿನಿಯರಿಂಗ್ ಓದುತ್ತಿದ್ದ ನಮ್ಮ ಸಂಬಂಧಿಕರ ಹುಡುಗನೊಬ್ಬ ಹಿಂದಿನ ವರ್ಷ 6,000 ರೂಪಾಯಿ ಕಟ್ಟಿ ಇಂಟರ್ನ್‌ಶಿಪ್ ಮಾಡಿದ್ದ. ನಾಲ್ಕು ದಿನ ಆನ್‌ಲೈನ್‌ನಲ್ಲಿ ವಿಡಿಯೋ ತೋರಿಸಿದರು, ಐದನೇ ದಿನ ಸರ್ಟಿಫಿಕೇಟ್ ಕಳಿಸಿದರು. ಅದರಲ್ಲಿ ನಾಲ್ಕು ವಾರ ಎಂದು ಬರೆದಿತ್ತು. ಕಾಲೇಜಿಗೆ ಸರ್ಟಿಫಿಕೇಟ್ ಬೇಕಿತ್ತು, ಅದು ಸಿಕ್ಕಿತು, ಹುಡುಗನಿಗೆ ಏನೂ ಸಿಗಲಿಲ್ಲ. ಇಂಥ ಅಂಗಡಿಗಳು ಈಗ ಇನ್ನೂ ಹೆಚ್ಚಾಗಿವೆ. ದುಡ್ಡು ಕೇಳುವ ಇಂಟರ್ನ್‌ಶಿಪ್ಪಿಗೆ ಹೋಗಲೇಬೇಡಿ. ಅಲ್ಲಿ ಮಾರಾಟವಾಗುವುದು ಹಾಳೆ. ಆರು ಸಾವಿರ ಅಂದರೆ ನಮ್ಮಂಥವರ ಮನೆಯಲ್ಲಿ ಎಷ್ಟು ದಿನದ ಕೂಲಿ ಎಂದು ಗೊತ್ತಿದ್ದೇ ಅವರು ಕೇಳುತ್ತಾರೆ. ನನಗೆ ಅದರ ಬಗ್ಗೆ ಈಗಲೂ ಸಿಟ್ಟಿದೆ.

"ಅವರ ಕೊಡ್ತಾರಪ್ಪಾ," ಅಂದೆ.

"ಹಂಗಾದ್ರ ಅವರಿಗೇನು ಲಾಭ?"

ನನಗೆ ಉತ್ತರ ಗೊತ್ತಿರಲಿಲ್ಲ. ಅಪ್ಪನ ಜೊತೆ ರಾಣೆಬೆನ್ನೂರಿನಿಂದ ರೈಲು ಹತ್ತಿದೆ. ನಾಲ್ಕನೇ ಸೆಮಿಸ್ಟರಿನ ಪರೀಕ್ಷೆ ಮೇ ತಿಂಗಳೊಳಗೆ ನುಗ್ಗಿದ್ದರಿಂದ, ಪರೀಕ್ಷೆ ಮುಗಿದ ಮೇಲೆ ಸೇರುತ್ತೇನೆಂದು ಮಾರ್ಗದರ್ಶಕರಿಗೆ ಮೊದಲೇ ಮೇಲ್ ಬರೆದು ಒಪ್ಪಿಸಿಕೊಂಡಿದ್ದೆ. 56 ದಿನ ತುಂಬಿಸಬೇಕಾದ್ದರಿಂದ ಐದನೇ ಸೆಮಿಸ್ಟರಿನ ಮೊದಲ ವಾರಗಳು ತಪ್ಪುತ್ತಿದ್ದವು. ಆ ಹಾಜರಾತಿಗೆ ಪ್ರಿನ್ಸಿಪಾಲರಿಂದ ಪತ್ರ ಬರೆಸಿಕೊಂಡು ಹೋಗಿದ್ದೆ. ಇವು ಸಣ್ಣ ಕೆಲಸಗಳು. ಆದರೆ ಆಯ್ಕೆಯಾದ ಮೇಲೂ ಹೋಗದೆ ಉಳಿದವರು ನನಗೆ ಗೊತ್ತು, ಅವರನ್ನು ತಡೆದದ್ದು ಇಂಥವೇ.

ಲ್ಯಾಬಿನ ಬಾಗಿಲು ತೆರೆದ ಕೂಡಲೇ ಬಂದ ವಾಸನೆ ನಮ್ಮ ಮನೆಯದು. ನೊಣಗಳಿಗೆ ದೊಡ್ಡ ಪಾತ್ರೆಯಲ್ಲಿ ಆಹಾರ ಕುದಿಯುತ್ತಿತ್ತು. ಮೆಕ್ಕೆಜೋಳದ ಹಿಟ್ಟು, ಬೆಲ್ಲ, ಯೀಸ್ಟ್, ಅಗರ್. ಅಂಬಲಿ ಕಾಯಿಸಿದಂತೆಯೇ, ತಳ ಹಿಡಿಯದಂತೆ ಕೈ ಆಡಿಸುತ್ತಿರಬೇಕು. ಮೊದಲ ವಾರ ನಾನು ಧೈರ್ಯದಿಂದ ಮಾಡಿದ್ದು ಅದೊಂದೇ ಕೆಲಸ. ಉಳಿದದ್ದೆಲ್ಲ ಭಯ. ಎಲ್ಲರೂ ಇಂಗ್ಲಿಷಿನಲ್ಲಿ, ಅದೂ ಬಹಳ ಬೇಗ ಮಾತಾಡುತ್ತಿದ್ದರು. ಸೋಮವಾರದ ಲ್ಯಾಬ್ ಮೀಟಿಂಗಿನಲ್ಲಿ ಎದುರಿನವರ ಮುಖ ನೋಡಿ ಅವರು ನಕ್ಕಾಗ ನಗುತ್ತಿದ್ದೆ. ನನ್ನನ್ನು ನೋಡಿಕೊಳ್ಳಲು ಹೇಳಿದ್ದ ಪಿಎಚ್‌ಡಿ ವಿದ್ಯಾರ್ಥಿನಿ ಮೈಸೂರಿನವರು. ಅಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದು ಕರೆಯುತ್ತಿದ್ದರು. ನನ್ನ ಬಾಯಿಗೆ ಅದು ಬರಲಿಲ್ಲ, ಅಕ್ಕ ಅಂದೆ. ಕೊನೆಯವರೆಗೂ ಅಕ್ಕನೇ.

ಅಕ್ಕ ಮೊದಲು ಕಲಿಸಿದ್ದು ಕನ್ಯೆ ನೊಣಗಳನ್ನು ಆರಿಸುವುದು. ಯಾವ ಗಂಡಿನ ಜೊತೆ ಯಾವ ಹೆಣ್ಣು ಕೂಡಿತೆಂಬುದು ಖಚಿತವಿರಬೇಕಾದರೆ, ಹೆಣ್ಣು ಅದಕ್ಕೆ ಮೊದಲು ಯಾರ ಜೊತೆಗೂ ಕೂಡಿರಬಾರದು. ಗೂಡಿನಿಂದ ಹೊರಬಂದ ಮೊದಲ ಕೆಲವು ಗಂಟೆ ನೊಣ ಕೂಡುವುದಿಲ್ಲ. ಅಷ್ಟರೊಳಗೆ ಹಿಡಿದು ಬೇರೆ ಮಾಡಬೇಕು. ಕಾರ್ಬನ್ ಡೈಆಕ್ಸೈಡ್ ಬಿಟ್ಟು ಮಲಗಿಸಿ, ಮೈಕ್ರೋಸ್ಕೋಪಿನ ಕೆಳಗೆ ಬ್ರಷ್‌ನಿಂದ ತಿರುವಿ ನೋಡಬೇಕು. ಗಂಡಿನ ಹೊಟ್ಟೆಯ ತುದಿ ಕಪ್ಪು, ಮುಂಗಾಲಿನಲ್ಲಿ ಸಣ್ಣ ಬಾಚಣಿಗೆ. ಆಗತಾನೆ ಹುಟ್ಟಿದ್ದರ ಮೈ ಬಿಳಿಚಿಕೊಂಡಿರುತ್ತದೆ, ಹೊಟ್ಟೆಯೊಳಗೆ ಒಂದು ಕಪ್ಪು ಚುಕ್ಕೆ ಕಾಣುತ್ತದೆ.

ಎರಡನೇ ದಿನಕ್ಕೆ ನನ್ನ ಕೈ ಓಡತೊಡಗಿತು. ಅಕ್ಕ ನಿಂತು ನೋಡಿ, "ಎಲ್ಲಿ ಕಲ್ತಿದ್ದು ಇದು?" ಅಂತ ಕೇಳಿದರು. ಸಂಜೆ ಮೊಗ್ಗು ಸುಲಿಯುವುದು, ಬೆಳಿಗ್ಗೆ ಸವರುವುದು, ಎಲ್ಲ ಹೇಳಿದೆ. ಹೊತ್ತು ಮೀರಿದರೆ ಕೆಟ್ಟಿತು, ಒಂದು ಗಂಡು ಉಳಿದರೆ ಕೆಟ್ಟಿತು. ಅದೇ ಲೆಕ್ಕ. ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ನಾನೇ ಮಾತಾಡಿದೆ, ಉಳಿದವರು ಕೇಳಿದರು. ನನ್ನ ಇಂಗ್ಲಿಷ್ ಅಲ್ಲಲ್ಲಿ ಮುರಿಯುತ್ತಿತ್ತು, ಅಕ್ಕ ಕೂಡಿಸುತ್ತಿದ್ದರು.

ಇನ್ನು ಮುಖ್ಯವಾದದ್ದು.

ಕಲಿಯಲೆಂದು ಅಕ್ಕ ನನಗೆ ಮೇಲಕ್ಕೆ ಸುರುಳಿ ಸುತ್ತಿದ ರೆಕ್ಕೆಯ ನೊಣಗಳನ್ನು ಕೊಟ್ಟರು. ಇವನ್ನು ಇವುಗಳ ಜೊತೆಗೇ ಕೂಡಿಸು, ಮಕ್ಕಳನ್ನು ಎಣಿಸು, ಅಂದರು. ಸುರುಳಿ ರೆಕ್ಕೆ ಪ್ರಬಲ ಗುಣ, ಅದರ ಜೀನ್ ಒಂದಿದ್ದರೂ ಸಾಕು, ಕಾಣುತ್ತದೆ. ತಂದೆಯಲ್ಲೂ ತಾಯಿಯಲ್ಲೂ ಸುರುಳಿ ಜೀನ್ ಒಂದು, ಸೀದಾ ಜೀನ್ ಒಂದು. ಪಿಯುಸಿಯಿಂದ ಓದಿಕೊಂಡು ಬಂದದ್ದೇ ಇದು, ಮಕ್ಕಳಲ್ಲಿ ಮೂರು ಸುರುಳಿಗೆ ಒಂದು ಸೀದಾ, ಅಂದರೆ 3:1 ಬರಬೇಕು. ಹನ್ನೆರಡು ದಿನದ ನಂತರ ಎಣಿಸಿದೆ. ಒಟ್ಟು 321. ಸುರುಳಿ 217, ಸೀದಾ 104.

240ರ ಆಸುಪಾಸು ಮತ್ತು 80ರ ಆಸುಪಾಸು ಬರಬೇಕಿತ್ತು. ಮತ್ತೆ ಎಣಿಸಿದೆ, ಅಷ್ಟೇ. ಸುರುಳಿ ಸರಿಯಾಗಿ ಮೂಡದ ಕೆಲವನ್ನು ಸೀದಾ ಎಂದು ಎಣಿಸಿರಬಹುದೇ ಎಂದು ಒಂದೊಂದೇ ರೆಕ್ಕೆ ತಿರುವಿ ನೋಡಿದೆ. ಅಷ್ಟೇ. ರಾತ್ರಿ ಹಾಸ್ಟೆಲಿನಲ್ಲಿ ನೋಟ್‌ಬುಕ್ ತೆರೆದು ಕೂತೆ. 240, 81 ಎಂದು ಬರೆಯಲು ಕೈ ಹೋಗಿತ್ತು. ನಾನು ರೆಕಾರ್ಡ್ ಬುಕ್ ತುಂಬಿಸಿದ್ದು ಹಾಗೆಯೇ. ಬಣ್ಣದ ಮಣಿಗಳನ್ನು ಆರಿಸಿ 3:1 ತರುವ ಪ್ರಯೋಗದಲ್ಲಿ ನನಗೆ 3:1 ಬಂದಿರಲಿಲ್ಲ, ಬಂದಂತೆ ಬರೆದಿದ್ದೆ. ಸರಿ ಉತ್ತರ ಮೊದಲೇ ಇರುತ್ತದೆ, ಪ್ರಯೋಗ ಅಲ್ಲಿಗೆ ಹೋಗಿ ಮುಟ್ಟಬೇಕು, ಮುಟ್ಟದಿದ್ದರೆ ತಪ್ಪು ನನ್ನದು ಎಂದೇ ನಂಬಿದ್ದೆ.

ಯಾಕೆ ಬರೆಯಲಿಲ್ಲ? ಅದಕ್ಕೆ ನನ್ನ ಒಳ್ಳೆಯತನ ಕಾರಣವಲ್ಲ. ಎಣಿಸಿದ ನೊಣಗಳೆಲ್ಲ ಆಲ್ಕೋಹಾಲಿನಲ್ಲಿ ಹಾಗೇ ಇದ್ದವು, ಯಾರು ಬೇಕಾದರೂ ಮತ್ತೆ ಎಣಿಸಬಹುದಿತ್ತು.

ಬೆಳಿಗ್ಗೆ ನನ್ನ ಮಾರ್ಗದರ್ಶಕರಾದ ಮೇಡಂಗೆ 217, 104 ಎಂದೇ ತೋರಿಸಿ, ತಪ್ಪಾಗಿದೆ ಮೇಡಂ, ಇನ್ನೊಮ್ಮೆ ಮಾಡುತ್ತೇನೆ ಅಂದೆ. ಅವರು ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. ಒಂದು ಹಾಳೆ ಕೊಟ್ಟು, ನಾಲ್ಕು ಮನೆಯ ಚೌಕ ಬರಿ, ಯಾವ ಮನೆಯವರು ಬಂದಿಲ್ಲ ನೋಡು, ಅಂದು ತಮ್ಮ ಕೆಲಸಕ್ಕೆ ಹೋದರು. ಅರ್ಧ ದಿನ ಆ ಚೌಕದ ಮುಂದೆ ಕೂತೆ. ಸುರುಳಿ-ಸುರುಳಿ ಒಂದು ಮನೆ, ಸುರುಳಿ-ಸೀದಾ ಎರಡು ಮನೆ, ಸೀದಾ-ಸೀದಾ ಒಂದು ಮನೆ. 217ಕ್ಕೆ 104 ಅಂದರೆ ಹೆಚ್ಚುಕಡಿಮೆ 2:1. ಎರಡು ಮನೆ ಇದೆ, ಒಂದು ಮನೆ ಇದೆ. ಹಾಗಾದರೆ ಮೊದಲ ಮನೆಯವರು?

ಅವು ಹುಟ್ಟಿಯೇ ಇಲ್ಲ. ಸುರುಳಿ ಜೀನ್ ಒಂದಿದ್ದರೆ ರೆಕ್ಕೆ ಸುತ್ತುತ್ತದೆ, ಎರಡೂ ಅದೇ ಆದರೆ ನೊಣ ರೆಕ್ಕೆ ಮೂಡುವ ಹಂತಕ್ಕೆ ಬರುವ ಮೊದಲೇ ಸಾಯುತ್ತದೆ. ಓಡಿಹೋಗಿ ಹೇಳಿದೆ. ಮೇಡಂ ಆಗಲೂ ಶಹಬ್ಬಾಸ್ ಎನ್ನಲಿಲ್ಲ. ಸತ್ತಿವೆ ಎಂದು ನಿನಗೆ ಹೇಗೆ ಗೊತ್ತು, ಎಂದು ಕೇಳಿದರು. ಇಟ್ಟ ಮೊಟ್ಟೆ ಎಷ್ಟು, ಹೊರಬಂದ ನೊಣ ಎಷ್ಟು, ಎರಡನ್ನೂ ಎಣಿಸಬೇಕು ಅಂದೆ. ಹಾಗಾದರೆ ಎಣಿಸು, ಅಂದರು. ನಿರೀಕ್ಷೆಗೂ ಎಣಿಕೆಗೂ ಇರುವ ವ್ಯತ್ಯಾಸ ಬರೀ ಆಕಸ್ಮಿಕವೇ ಎಂದು ನೋಡುವ ಕೈ-ವರ್ಗ (chi-square) ಪರೀಕ್ಷೆಯನ್ನೂ ಅವತ್ತೇ ಕೈಯಲ್ಲಿ ಲೆಕ್ಕ ಹಾಕಿದೆ. 3:1 ಎಂದು ಹಿಡಿದರೆ 9.37, ಅಂದರೆ ಆಕಸ್ಮಿಕ ಎಂದು ಬಿಡಬಹುದಾದ 3.84ರ ಗಡಿಯನ್ನು ಎಷ್ಟೋ ದಾಟಿತ್ತು. 2:1 ಎಂದು ಹಿಡಿದರೆ 0.13.

ನೊಣದ ಲ್ಯಾಬಿನವರಿಗೆಲ್ಲ ಇದು ಹಳೆಯ ಸಂಗತಿ, ಅಕ್ಕ ಬೇಕೆಂದೇ ಕೊಟ್ಟಿದ್ದರು. ಆದರೂ ನನ್ನ ಓದಿನಲ್ಲಿ ಅದಕ್ಕಿಂತ ದೊಡ್ಡ ದಿನ ಬಂದಿಲ್ಲ. ಕೊಟ್ಟ ಉತ್ತರಕ್ಕೆ ನನ್ನ ಎಣಿಕೆ ಹೊಂದದಿದ್ದಾಗ, ಎಣಿಕೆಯನ್ನು ನಂಬಿ ಮುಂದೆ ಹೋಗಬಹುದು ಎಂದು ನನಗೆ ಮೊದಲ ಬಾರಿ ಗೊತ್ತಾಯಿತು. ಎರಡು ವರ್ಷದ ಮೇಲೆ ಒಂದು ಪ್ರಾಜೆಕ್ಟ್ ಅಸಿಸ್ಟೆಂಟ್ ಹುದ್ದೆಯ ಸಂದರ್ಶನದಲ್ಲಿ, ನೀವು ಮಾಡಿದ ಯಾವುದಾದರೂ ಒಂದು ಪ್ರಯೋಗ ಹೇಳಿ ಅಂದಾಗ ನಾನು ಹೇಳಿದ್ದು ಇದನ್ನೇ. ಅಂಕಪಟ್ಟಿಯನ್ನು ಅವರು ತಿರುವಿಯೂ ನೋಡಲಿಲ್ಲ, ಇಪ್ಪತ್ತು ನಿಮಿಷ ಈ 321 ನೊಣಗಳ ಮೇಲೆಯೇ ಪ್ರಶ್ನೆ ಕೇಳಿದರು. ಕೆಲಸ ಸಿಕ್ಕಿತು.

ಆಮೇಲಿನ ವಾರಗಳಲ್ಲಿ ನನ್ನ ಸ್ವಂತ ಕೆಲಸ. ಒಂದು ಸೀಸೆಯಲ್ಲಿ 50 ಮೊಟ್ಟೆ, ಇನ್ನೊಂದರಲ್ಲಿ 400, ಆಹಾರ ಮಾತ್ರ ಎರಡಕ್ಕೂ ಒಂದೇ ಅಳತೆ. ಇಕ್ಕಟ್ಟಿನಲ್ಲಿ ಬೆಳೆದವು ಯಾವಾಗ ಹೊರಬರುತ್ತವೆ, ಎಷ್ಟು ದೊಡ್ಡವಿರುತ್ತವೆ? ಇಕ್ಕಟ್ಟಿನ ಮರಿಗಳು ತಮ್ಮದೇ ಹೊಲಸಿನ ಅಮೋನಿಯಾದಲ್ಲಿ ಬೆಳೆಯಬೇಕು, ನಿಧಾನವಾಗುತ್ತವೆ, ಗಿಡ್ಡವಾಗುತ್ತವೆ ಎಂಬುದು ಗೊತ್ತಿದ್ದದ್ದೇ. ಆ ಲ್ಯಾಬಿನ ಆ ಒಂದು ತಳಿಯಲ್ಲಿ ಎಷ್ಟು ಎನ್ನುವುದು ಯಾರಿಗೂ ಗೊತ್ತಿರಲಿಲ್ಲ, ಮೇಡಂಗೂ. ಮೊಟ್ಟೆಗಳನ್ನು ಒದ್ದೆ ಬ್ರಷ್‌ನ ತುದಿಯಲ್ಲಿ ಎಣಿಸಿ ಇಡುವುದಕ್ಕೇ ಎರಡು ದಿನ. ಹೊರಬರುವ ಹೊತ್ತಿಗೆ ನಾಲ್ಕು ಗಂಟೆಗೊಮ್ಮೆ ನೋಡಬೇಕು, ರಾತ್ರಿಯೂ. ರಾತ್ರಿ ಎರಡಕ್ಕೆ ಎದ್ದು ಲ್ಯಾಬಿಗೆ ನಡೆಯುವಾಗ, ಹೊಲಕ್ಕೆ ನೀರು ಬಿಡಲು ಕರೆಂಟು ಬರುವ ಹೊತ್ತಿಗೆ ಏಳುವ ಅಪ್ಪನ ನೆನಪಾಗುತ್ತಿತ್ತು. ಅಪ್ಪನ ಪ್ರಶ್ನೆಗೂ ಆಗ ಉತ್ತರ ಹೊಳೆಯಿತು. ಈ ಎಣಿಕೆಗೆ ಕೈ ಬೇಕು, ಕಣ್ಣು ಬೇಕು. ಯಂತ್ರಕ್ಕೆ ಬಿಡಲಾಗದ ಕೆಲಸ ಇಲ್ಲಿ ರಾಶಿ ಬಿದ್ದಿದೆ. ಅದನ್ನು ಮಾಡುವವರಲ್ಲಿ ಯಾರಿಗಾದರೂ ಪ್ರಶ್ನೆಯ ರುಚಿ ಹತ್ತಿದರೆ ನಾಳೆಯ ಸಂಶೋಧಕರು ಅವರೇ. ಅವರಿಗೆ ಅದೇ ಲಾಭ.

ಐದನೇ ವಾರದಲ್ಲಿ ನನ್ನಿಂದ ದೊಡ್ಡ ತಪ್ಪಾಯಿತು. ಕನ್ಯೆಯರೆಂದು ಇಟ್ಟಿದ್ದ ಒಂದು ಸೀಸೆಯ ಗೋಡೆಯ ಮೇಲೆ ಮರಿಹುಳುಗಳು ಹತ್ತುತ್ತಿದ್ದವು. ಎಲ್ಲೋ ಒಂದು ಗಂಡು ಉಳಿದಿತ್ತು. ಅದೇ ತಂಡದ ಹೆಣ್ಣುಗಳನ್ನು ಮುಂದಿನ ಪ್ರಯೋಗಕ್ಕೆ ಬಳಸಿಯಾಗಿತ್ತು, ಹತ್ತು ದಿನದ ಕೆಲಸ ಹೋಯಿತು. ಅಳು ಬಂತು. ಅಕ್ಕ ಬೈಯಲಿಲ್ಲ. "ಗಾಬರಿ ಆಗ್ಬೇಡ. ತಾರೀಕು ಹಾಕಿ, ಏನಾಯ್ತೋ ಹಾಗೇ ಬರಿ. ಆ ಪುಟ ಹರಿಬೇಡ," ಅಂದರು. ಆ ಪುಟ ಇವತ್ತಿಗೂ ಅಲ್ಲಿದೆ. ಕೊನೆಯ ವರದಿಯಲ್ಲಿ, ಈ ತಂಡವನ್ನು ಯಾಕೆ ಬಿಟ್ಟೆವು ಎಂದು ಎರಡು ಸಾಲು ಬರೆಯುವಾಗ ಅದನ್ನೇ ನೋಡಿಕೊಂಡೆ.

ಕೆಳಗಿನ ತರಗತಿಯವರು ನನಗೆ ಫೋನ್ ಮಾಡಿ ಕೇಳುವುದಕ್ಕೆಲ್ಲ ಇಲ್ಲಿ ಒಮ್ಮೆಗೇ ಹೇಳಿಬಿಡುತ್ತೇನೆ. ಈ ಒಂದೇ ಬಾಗಿಲು ಇರುವುದಲ್ಲ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಬೇಸಿಗೆಯ ಫೆಲೋಶಿಪ್ ಕೊಡುತ್ತದೆ. ಭೌತಶಾಸ್ತ್ರದವರಿಗೆ ಬೆಂಗಳೂರಿನ ಸೈದ್ಧಾಂತಿಕ ವಿಜ್ಞಾನಗಳ ಅಂತರರಾಷ್ಟ್ರೀಯ ಕೇಂದ್ರದಲ್ಲಿ (ಐಸಿಟಿಎಸ್) ಎಸ್.ಎನ್. ಭಟ್ ಹೆಸರಿನ ಫೆಲೋಶಿಪ್ ಇದೆ, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್‌ಆರ್) ಕೂಡ ವಿದ್ಯಾರ್ಥಿಗಳನ್ನು ಕರೆಯುತ್ತದೆ. ಇವು ಯಾವುದೂ ಆಗದಿದ್ದರೆ ನೇರವಾಗಿ ಪ್ರೊಫೆಸರ್‌ಗಳಿಗೆ ಬರೆಯಿರಿ. ಒಂದೇ ಮೇಲನ್ನು ಐವತ್ತು ಜನಕ್ಕೆ ಕಳಿಸಬೇಡಿ, ಓದುವವರಿಗೆ ಅದು ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ. ಅವರ ಕೆಲಸದಲ್ಲಿ ನಿಮಗೆ ಅರ್ಥವಾದದ್ದೊಂದು, ಅರ್ಥವಾಗದ್ದೊಂದು ಬರೆಯಿರಿ, ಅಷ್ಟು ಸಾಕು. ಇಂಗ್ಲಿಷ್ ಚೆನ್ನಾಗಿಲ್ಲ ಎಂದು ನಿಲ್ಲಬೇಡಿ. ಮೊದಲ ತಿಂಗಳಿಗೆ ಕೈಯಲ್ಲಿ ಸ್ವಲ್ಪ ದುಡ್ಡಿರಲಿ. ನಾನು ಅವ್ವನ ಸಂಘದಿಂದ ತೆಗೆಸಿಕೊಂಡು ಹೋಗಿದ್ದೆ, ಫೆಲೋಶಿಪ್ ಬಂದ ಮೇಲೆ ತೀರಿಸಿದೆ.

ಜುಲೈ ಕೊನೆಗೆ ವರದಿ ಕೊಟ್ಟು ಊರಿಗೆ ಬಂದೆ. ಸೆಪ್ಟೆಂಬರ್‌ನಲ್ಲಿ ಕ್ರಾಸಿಂಗ್ ಶುರುವಾಯಿತು. ಆ ವರ್ಷ ಹೊಲದ ಒಂದು ಪಟ್ಟಿಯಲ್ಲಿ ಕಾಯಿ ಸರಿಯಾಗಿ ಹಿಡಿಯಲಿಲ್ಲ. ಬೀಜದ ಕಂಪನಿಗೂ ರೈತರಿಗೂ ನಡುವಿನ ಆರ್ಗನೈಸರ್ ಬಂದು ನೋಡಿ, ಹೆಣ್ಣುಮಕ್ಕಳು ಲಕ್ಷ್ಯಗೊಟ್ಟು ಕೆಲಸ ಮಾಡಿಲ್ಲ ಎಂದು ಬೈದು ಹೋದ. ಅವ್ವ ಒಂದು ಮಾತೂ ಆಡಲಿಲ್ಲ. ರಾತ್ರಿ ರೊಟ್ಟಿ ಬಡಿಯುತ್ತಾ, "ನಾವು ಎಲ್ಲಾ ಸಾಲಿಗೂ ಹಂಗ ಮಾಡೇವಿ," ಅಂದಳು.

ಮರುದಿನ ನಾನು ನೋಟ್‌ಬುಕ್ ಹಿಡಿದು ಹೊಲಕ್ಕೆ ಹೋದೆ. ಅವತ್ತು ಸವರಿದ ಪ್ರತಿ ಹೂವಿಗೂ ದಾರ ಕಟ್ಟಿದೆವು. ಹತ್ತು ಗಂಟೆಯೊಳಗೆ ಸವರಿದ್ದಕ್ಕೆ ಬಿಳಿ ದಾರ, ಹನ್ನೊಂದರ ಮೇಲೆ ಸವರಿದ್ದಕ್ಕೆ ಕಪ್ಪು. ಬಿಳಿ ನೂರು, ಕಪ್ಪು ನೂರು. ಎರಡೂ ದಾರದ ಹೂಗಳನ್ನು ಅವ್ವನೇ ಸವರಿದಳು, ಕೈ ಬದಲಾಗಬಾರದೆಂದು. ಎರಡು ವಾರ ಬಿಟ್ಟು ಇಬ್ಬರೂ ಸಾಲಿನ ಆಚೆಯಿಂದೊಬ್ಬರು ಈಚೆಯಿಂದೊಬ್ಬರು ಎಣಿಸುತ್ತಾ ಬಂದೆವು. ಬಿಳಿಯಲ್ಲಿ ಉಳಿದದ್ದು 61 ಕಾಯಿ, ಕಪ್ಪಿನಲ್ಲಿ 38. ಬಿಸಿಲೇರಿದ್ದು ಕಾರಣವೋ, ಆ ಹೊತ್ತಿಗೆ ಗಂಡು ಹೂ ಬಾಡಿದ್ದು ಕಾರಣವೋ, ಇಷ್ಟರಿಂದ ಹೇಳಲಾಗುವುದಿಲ್ಲ ಅಂದೆ.

ಅವ್ವ ಸ್ವಲ್ಪ ಹೊತ್ತು ಕಪ್ಪು ದಾರದ ಒಂದು ಖಾಲಿ ತೊಟ್ಟನ್ನು ಹಿಡಿದು ನಿಂತಳು. "ಗಂಡು ಹೂವನ್ನ ಹಸಿ ಅರಿವ್ಯಾಗ ಸುತ್ತಿ ನೆಳ್ಳಾಗ ಇಟ್ರ?" ಅಂದಳು. "ನಾಳೆ ಕೆಂಪು ದಾರ ತರತೀನಿ."